ಅಳತೆಯ ಚೀಲ, ಮೂರು ಮಾತ್ರೆ



ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ಅಲ್ಲಿಂದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೋ ಭೀಮಗಡದ ಕಾಡಿನೊಳಗಿನ ಊರುಗಳ ಕಡೆಗೋ ಹೊರಟರೆ ಲೆಕ್ಕವೇ ಬೇರೆ. ಅಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದರೆ ಏನೂ ತಿಳಿಯುವುದಿಲ್ಲ. ಇದು ಯಾವ ತಿಂಗಳು, ಹಳ್ಳದಲ್ಲಿ ನೀರೆಷ್ಟಿದೆ ಎಂದು ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಈ ನೆತ್ತಿಯ ಮೇಲೆ ಮಳೆ ಬಿಡುವು ಕೊಡುವುದು ಅಪರೂಪ. ಅಂಥ ಊರಲ್ಲಿ ಒಬ್ಬಾಕೆಗೆ ರಾತ್ರಿ ಹೊತ್ತು ಹೆರಿಗೆಯಾಯಿತು ಎನ್ನಿ. ಕೂಸು ಅತ್ತಿತು, ಮಾಸು ಬಿತ್ತು, ಮನೆಮಂದಿಗೆ ಹೋದ ಜೀವ ಬಂದಂತಾಯಿತು. ವೈದ್ಯರು ಹೆದರುವ ಹೊತ್ತು ಶುರುವಾಗುವುದು ಅಲ್ಲಿಂದ ಮುಂದೆ.

ತುಂಬು ಬಸುರಿಯ ಗರ್ಭಕೋಶದೊಳಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಬಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿಗಳು ತೆರೆದುಕೊಂಡೇ ಇರುತ್ತವೆ. ಅವನ್ನು ಮುಚ್ಚುವುದಕ್ಕೆ ದೇಹ ಮಾಡಿಕೊಂಡ ಏರ್ಪಾಡು ಬೆರಗು ಹುಟ್ಟಿಸುವಂಥದ್ದು. ಗರ್ಭಕೋಶದ ಗೋಡೆಯ ಸ್ನಾಯುವಿನ ಎಳೆಗಳು ಈ ನಾಳಗಳ ಸುತ್ತ ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ. ಹೆರಿಗೆಯಾದ ಕೂಡಲೇ ಗರ್ಭಕೋಶ ಗಟ್ಟಿಯಾಗಿ ಕುಗ್ಗುತ್ತದೆ. ಆಗ ಒಂದೊಂದು ಎಳೆಯೂ ಹಗ್ಗದ ಕುಣಿಕೆ ಬಿಗಿದಂತೆ ತನ್ನ ನಾಳವನ್ನು ಬಿಗಿದು ನಿಲ್ಲಿಸುತ್ತದೆ. ಸ್ನಾಯು ಸೋತು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ತೀವ್ರವಾಗಿ ರಕ್ತ ಹೋಗತೊಡಗಿದರೆ ಬಾಣಂತಿಯನ್ನು ಉಳಿಸಿಕೊಳ್ಳಲು ಸಿಗುವುದು ಹೆಚ್ಚೆಂದರೆ ಎರಡು ಗಂಟೆ ಎಂದು ಪ್ರಸೂತಿ ತಜ್ಞರು ಹೇಳುತ್ತಾರೆ. ಮೊದಲೇ ರಕ್ತಹೀನತೆಯಿಂದ ಬಳಲುವವಳಿಗೆ ಅಷ್ಟೂ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಹತ್ತಾರು ಸಾವಿರ ತಾಯಂದಿರು ಹೀಗೆ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ಸಾವನ್ನು ತಡೆಯುವ ಕೆಲಸದಲ್ಲಿ ಬೆಳಗಾವಿಗೆ ದೊಡ್ಡ ಪಾಲಿದೆ. ಬೆಳಗಾವಿ ಎಂದರೆ ಕುಂದಾ, ಕೋಟೆ, ಗಡಿ ಎನ್ನುವ ನಮಗೇ ಅದು ಅಷ್ಟಾಗಿ ಗೊತ್ತಿಲ್ಲ. ಹಲವು ವಿದ್ಯೆಯವರು ಒಂದೇ ಸಮಸ್ಯೆಯ ಸುತ್ತ ಹೇಗೆ ಕೂಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಸೀಮೆಯಲ್ಲಿ ನನಗೆ ಕಂಡಿಲ್ಲ. ಆದ್ದರಿಂದ ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಇಪ್ಪತ್ತೊಂದನೆಯ ಶತಮಾನ ಆಗಷ್ಟೇ ಶುರುವಾಗಿತ್ತು. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಜೊತೆ, ಮಿಸೌರಿ–ಕಾನ್ಸಾಸ್ ಸಿಟಿ ಮತ್ತು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯಗಳ ಜೊತೆ, ಕೈಜೋಡಿಸಿದರು. ತಂಡದಲ್ಲಿದ್ದವರನ್ನು ನೋಡಿ. ಬಿ.ಎಸ್. ಕೋಡ್ಕಣಿ ಪ್ರಸೂತಿ ತಜ್ಞರು. ಶಿವಪ್ರಸಾದ ಗೌಡರ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು. ವಿಜಯಾ ನಾಯ್ಕ ಸಮುದಾಯ ವೈದ್ಯಶಾಸ್ತ್ರದವರು. ಅಮೆರಿಕದ ಕಡೆಯಿಂದ ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್. ಇವರ ಜೊತೆಗೆ ಸಂಖ್ಯಾಶಾಸ್ತ್ರಜ್ಞರಿದ್ದರು. ಎಲ್ಲರಿಗಿಂತ ಮುಖ್ಯವಾಗಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ 25 ಮಂದಿ ಎ.ಎನ್.ಎಂ.ಗಳಿದ್ದರು. ನಮ್ಮ ಮಂದಿ ನರ್ಸಬಾಯಿ ಎಂದು ಕರೆಯುವ ಆರೋಗ್ಯ ಸಹಾಯಕಿಯರು ಇವರೇ.

ಒಬ್ಬೊಬ್ಬರ ಬಳಿ ಇದ್ದದ್ದನ್ನು ಬಿಡಿಬಿಡಿಯಾಗಿ ನೋಡಿದರೆ ಸಮಸ್ಯೆ ಬಗೆಹರಿಯುವಂತಿರಲಿಲ್ಲ. ಪ್ರಸೂತಿ ತಜ್ಞರ ಬಳಿ ಒಳ್ಳೆಯ ಮದ್ದಿತ್ತು. ಆಕ್ಸಿಟೋಸಿನ್ ಚುಚ್ಚುಮದ್ದು ಗರ್ಭಕೋಶವನ್ನು ಕುಗ್ಗಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಸೂಜಿ ಬೇಕು, ಚುಚ್ಚಲು ಅಧಿಕಾರವಿರುವ ಕೈ ಬೇಕು. ಹಳ್ಳಿಯ ಮನೆಯ ಹೆರಿಗೆಯಲ್ಲಿ ಈ ಮೂರೂ ಇರುತ್ತಿರಲಿಲ್ಲ. ಔಷಧಶಾಸ್ತ್ರದವರ ಬಳಿ ಇನ್ನೊಂದು ಮದ್ದಿತ್ತು. ಮಿಸೋಪ್ರೊಸ್ಟಾಲ್ ಎಂಬ ಈ ಮಾತ್ರೆ ಮೊದಲು ಬಂದದ್ದು ಹೊಟ್ಟೆಯ ಹುಣ್ಣಿಗೆ. ಅದು ಗರ್ಭಕೋಶವನ್ನೂ ಕುಗ್ಗಿಸುತ್ತದೆ ಎಂಬುದು ಗೊತ್ತಿತ್ತು. ಫ್ರಿಜ್ ಬೇಡ, ಸೂಜಿ ಬೇಡ, ನೀರಿನ ಜೊತೆ ನುಂಗಿದರಾಯಿತು. ತೇವ ತಗಲಿದರೆ ಮಾತ್ರ ಕೆಡುತ್ತದೆ. ಆದ್ದರಿಂದ ಎರಡೂ ಕಡೆ ಅಲ್ಯೂಮಿನಿಯಂ ಹಾಳೆಯ ಪಟ್ಟಿಯಲ್ಲಿ ಅದನ್ನು ಭದ್ರವಾಗಿ ಮುಚ್ಚಬೇಕು. ಕಣಕುಂಬಿಯಂಥ ಮಳೆಯ ಊರಿಗೆ ಇದು ಸಣ್ಣ ಮಾತಲ್ಲ. ಅಲ್ಲಿ ಮದ್ದಿನ ಗುಣದಷ್ಟೇ ಅದನ್ನು ಕಟ್ಟಿಕೊಡುವವರ ಕೆಲಸವೂ ಲೆಕ್ಕಕ್ಕೆ ಬರುತ್ತದೆ.

ವೈದ್ಯರಿಲ್ಲದ ಮನೆಯಲ್ಲಿ, ಉಪಕೇಂದ್ರದಲ್ಲಿ, ನರ್ಸಬಾಯಿಯ ಕೈಯಿಂದ ಕೊಟ್ಟಾಗ ಈ ಮಾತ್ರೆ ನಿಜವಾಗಿ ಕೆಲಸ ಮಾಡುತ್ತದೆಯೇ? ಪ್ರಶ್ನೆ ಇದು. ಉತ್ತರ ಕಂಡುಕೊಳ್ಳಬೇಕಾದರೆ ರಕ್ತ ಎಷ್ಟು ಹೋಯಿತು ಎಂಬುದು ಗೊತ್ತಾಗಬೇಕು. ಎಲ್ಲರೂ ಎಡವಿದ್ದು ಇಲ್ಲಿಯೇ.

ಹೆರಿಗೆಯ ಹೊತ್ತಿನಲ್ಲಿ ರಕ್ತ ಒಂದೇ ಕಡೆ ನಿಲ್ಲುವುದಿಲ್ಲ. ಬಟ್ಟೆಗೆ ಇಳಿಯುತ್ತದೆ, ಚಾಪೆಯ ಕೆಳಗೆ ಹರಿಯುತ್ತದೆ, ನೆತ್ತಿನೀರಿನ ಜೊತೆ ಬೆರೆಯುತ್ತದೆ, ಸಗಣಿ ಸಾರಿಸಿದ ನೆಲ ಒಂದಿಷ್ಟನ್ನು ಹೀರುತ್ತದೆ. ಚಿಮಣಿ ಬೆಳಕಿನಲ್ಲಿ ಎಲ್ಲವೂ ಕಪ್ಪು. “ಬಾಯಾರ, ರಕ್ತ ಭಾಳ ಹೋಗೇತೇನ್ರಿ?” ಎಂದು ಅತ್ತೆ ಕೇಳಿದರೆ ನರ್ಸಬಾಯಿ ಅಂದಾಜಿನ ಮೇಲೆಯೇ ಹೇಳಬೇಕು. ಅರ್ಧ ಲೀಟರ್ ದಾಟಿದರೆ ಅಪಾಯ ಎಂದು ಪಠ್ಯಪುಸ್ತಕದಲ್ಲಿ ಬರೆದಿರುತ್ತದೆ. ಅರ್ಧ ಲೀಟರ್ ದಾಟಿದ್ದು ತಿಳಿಯುವುದು ಹೇಗೆಂದು ಪುಸ್ತಕ ಹೇಳುವುದಿಲ್ಲ. ಪ್ರಸೂತಿ ತಜ್ಞರು ತಮ್ಮ ಕಣ್ಣನ್ನೇ ನಂಬಿಕೊಂಡು ಬಂದವರು. ಸಂಖ್ಯಾಶಾಸ್ತ್ರಜ್ಞರು ಕಣ್ಣಂದಾಜನ್ನು ಒಪ್ಪುವವರಲ್ಲ. ಪ್ರಯೋಗಶಾಲೆಯವರಿಗೆ ಬಟ್ಟೆ ತೊಳೆದು ಬಣ್ಣದ ಗಾಢತೆಯಿಂದ ರಕ್ತವನ್ನು ಲೆಕ್ಕ ಹಾಕುವ ಯಂತ್ರ ಗೊತ್ತು, ಅದನ್ನು ಹಳ್ಳಿಗೆ ಹೊತ್ತೊಯ್ಯುವಂತಿಲ್ಲ.

ಇವರೆಲ್ಲ ಕೂಡಿ ಮಾಡಿದ ವಸ್ತು ನೋಡಲು ಏನೇನೂ ಅಲ್ಲ. ಒಂದು ಪ್ಲಾಸ್ಟಿಕ್ ಹಾಳೆ. ಅದರ ಮೇಲ್ಭಾಗ ಹೆರುವವಳ ಸೊಂಟದ ಕೆಳಗೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಎರಡು ಬದಿಯಲ್ಲಿ ನಡುವಿಗೆ ಕಟ್ಟಿಕೊಳ್ಳುವ ಲಾಡಿಗಳಿವೆ. ಕೆಳಭಾಗ ಆಲಿಕೆಯ ಹಾಗೆ ಕಿರಿದಾಗುತ್ತ ಹೋಗಿ ಒಂದು ಚೀಲವಾಗುತ್ತದೆ. ಚೀಲ ಪಾರದರ್ಶಕ, ಅದರ ಮೇಲೆ ಮಿಲಿಲೀಟರಿನ ಗೆರೆಗಳು. ಕೂಸು ಹೊರಬಂದು ನೆತ್ತಿನೀರು ಹರಿದುಹೋದ ಮೇಲೆ ಇದನ್ನು ಹಾಸಬೇಕು, ಇಲ್ಲದಿದ್ದರೆ ನೀರೂ ರಕ್ತವೂ ಬೆರೆತು ಅಳತೆ ಕೆಡುತ್ತದೆ. ಆಮೇಲೆ ಬೀಳುವ ರಕ್ತವೆಲ್ಲ ಚೀಲಕ್ಕೆ ಇಳಿಯುತ್ತದೆ. ನರ್ಸಬಾಯಿ ಬಗ್ಗಿ ಗೆರೆ ನೋಡಿದರೆ ಸಾಕು. ಈ ಚೀಲಕ್ಕೆ ಅವರಿಟ್ಟ ಹೆಸರು ‘ಬ್ರಾಸ್-ವಿ ಡ್ರೇಪ್’. ಅದನ್ನು ರೂಪಿಸಿದವರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದರೆ ಬರುವ ಹೆಸರು ಅದು. ಯಾರೊಬ್ಬರ ಹೆಸರೂ ಪೂರ್ತಿಯಾಗಿ ಅದರಲ್ಲಿಲ್ಲ ಎಂಬುದು ನನಗೆ ತುಂಬ ಇಷ್ಟವಾಗುವ ಸಂಗತಿ.

ಚೀಲವನ್ನು ಆಸ್ಪತ್ರೆಯಲ್ಲಿಯೂ ಪರೀಕ್ಷೆಗೆ ಒಡ್ಡಿದರು. 123 ಹೆರಿಗೆಗಳ ಆ ಅಧ್ಯಯನದಲ್ಲಿ ಕಣ್ಣಂದಾಜಿನ ಸರಾಸರಿ 203 ಮಿಲಿಲೀಟರ್ ಆದರೆ ಚೀಲದ ಅಳತೆಯ ಸರಾಸರಿ 303. ಅಂದರೆ ಹೋದ ರಕ್ತದಲ್ಲಿ ಮೂರರಲ್ಲಿ ಒಂದು ಪಾಲು ಅನುಭವಸ್ಥರ ಕಣ್ಣಿಗೇ ಬಿದ್ದಿರಲಿಲ್ಲ. ಪ್ರಯೋಗಶಾಲೆಯ ಯಂತ್ರದ ಲೆಕ್ಕಕ್ಕೆ ಚೀಲದ ಲೆಕ್ಕ ಹತ್ತಿರವೇ ಬಂತು. ಈ ಫಲಿತಾಂಶವನ್ನು ಓದುವಾಗ ನನಗೆ ಅನ್ನಿಸಿದ್ದು ಇದು. ಹಲವು ಶಾಸ್ತ್ರದವರನ್ನು ಒಂದು ಮೇಜಿನ ಸುತ್ತ ಕೂರಿಸುವುದು ಸುಲಭ, ಚಹಾ ಕುಡಿದು ಎದ್ದು ಹೋಗುತ್ತಾರೆ. ಅವರು ನಿಜವಾಗಿ ಜೊತೆಯಾಗುವುದು ಎಲ್ಲರೂ ನಂಬುವ ಒಂದು ಅಳತೆ ಸಿಕ್ಕಾಗ. ಚೀಲ ಬರುವ ಮೊದಲು ಪ್ರಸೂತಿ ತಜ್ಞ ‘ಸ್ವಲ್ಪ ಹೆಚ್ಚೇ ಹೋಯಿತು’ ಎಂದರೆ ಸಂಖ್ಯಾಶಾಸ್ತ್ರಜ್ಞನಿಗೆ ಅದರಿಂದ ಏನೂ ಮಾಡಲು ಬರುತ್ತಿರಲಿಲ್ಲ. ಚೀಲ ಬಂದ ಮೇಲೆ ಇಬ್ಬರೂ ಒಂದೇ ಗೆರೆಯನ್ನು ನೋಡಿ ಮಾತಾಡತೊಡಗಿದರು. ನರ್ಸಬಾಯಿಯೂ ಅದೇ ಗೆರೆಯನ್ನು ನೋಡುತ್ತಿದ್ದಳು, ಅವಳ ಮಾತಿಗೆ ಅವರ ಮಾತಿನಷ್ಟೇ ತೂಕ ಬಂತು.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಮಾತ್ರೆಯ ಪ್ರಯೋಗ ನಡೆಯಿತು. 1,620 ಬಾಣಂತಿಯರು ಅದರಲ್ಲಿ ಸೇರಿದರು. 812 ಮಂದಿಗೆ 600 ಮೈಕ್ರೋಗ್ರಾಂ ಮಿಸೋಪ್ರೊಸ್ಟಾಲ್, ಅಂದರೆ ಮೂರು ಮಾತ್ರೆ. 808 ಮಂದಿಗೆ ಮದ್ದಿಲ್ಲದ ಹುಸಿ ಮಾತ್ರೆ. ಯಾವ ಪೊಟ್ಟಣದಲ್ಲಿ ಯಾವುದಿದೆ ಎಂಬುದು ಕೊಡುವವಳಿಗೂ ಗೊತ್ತಿಲ್ಲ, ನುಂಗುವವಳಿಗೂ ಗೊತ್ತಿಲ್ಲ.

ಹುಸಿ ಮಾತ್ರೆ ಕೊಡುವುದು ಸರಿಯೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದಿರಬಹುದು. ಬರಬೇಕಾದ ಪ್ರಶ್ನೆಯೇ. ಆ ಕಾಲಕ್ಕೆ ಆ ಹಳ್ಳಿಗಳ ಮನೆಹೆರಿಗೆಯಲ್ಲಿ ರಕ್ತಸ್ರಾವ ತಡೆಯಲು ಯಾವ ಮದ್ದೂ ಕೊಡುತ್ತಿರಲಿಲ್ಲ. ಇದ್ದ ರೂಢಿಯಿಂದ ಯಾರನ್ನೂ ಕೆಳಗಿಳಿಸಿರಲಿಲ್ಲ ಎಂಬುದು ಪ್ರಯೋಗದ ಪರವಾದ ವಾದ. ಆ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಹಗುರವಾಗಿ ಒಪ್ಪುವುದಿಲ್ಲ. ಇಂಥ ಕಡೆ ಮದ್ದಿನ ಶಾಸ್ತ್ರ ಬಲ್ಲವರ ಪಕ್ಕದಲ್ಲಿ ನ್ಯಾಯ–ನೀತಿಯನ್ನು ಕೇಳುವವರೂ ಕೂತಿರಲೇಬೇಕು. ಒಂದು ಶಾಸ್ತ್ರದವರು ತಮ್ಮ ಉತ್ಸಾಹದಲ್ಲಿ ಕಾಣದೇ ಹೋಗುವುದನ್ನು ಇನ್ನೊಂದು ಶಾಸ್ತ್ರದವರು ತಡೆದು ಕೇಳುವುದೂ ಕೂಡಿ ಮಾಡುವ ಕೆಲಸದ ಒಂದು ಭಾಗ.

ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹುಸಿ ಮಾತ್ರೆ ನುಂಗಿದವರಲ್ಲಿ ಶೇಕಡಾ 12ರಷ್ಟು ಮಂದಿಗೆ ಅರ್ಧ ಲೀಟರ್ ಮೀರಿ ರಕ್ತ ಹೋಗಿತ್ತು. ಮದ್ದು ನುಂಗಿದವರಲ್ಲಿ ಅದು ಶೇಕಡಾ 6.4ಕ್ಕೆ ಇಳಿಯಿತು. ಒಂದು ಲೀಟರ್ ಮೀರಿದ ಭಾರೀ ರಕ್ತಸ್ರಾವ ಶೇಕಡಾ 1.2ರಿಂದ 0.2ಕ್ಕೆ ಬಂತು. 18 ಬಾಣಂತಿಯರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಸಿಕ್ಕಿತು. ಮದ್ದಿನಿಂದ ಹಲವರಿಗೆ ಚಳಿ ಬಂದು ನಡುಕ ಹುಟ್ಟಿತು, ಕೆಲವರಿಗೆ ಜ್ವರ ಬಂತು, ಸ್ವಲ್ಪ ಹೊತ್ತಿನಲ್ಲಿ ಇಳಿಯಿತು.

ಈ ಅಂಕಿಗಳನ್ನು ತಂದವರು ಆ 25 ಮಂದಿ. ಲಾಡಿ ಕಟ್ಟಿದ್ದು, ಗೆರೆ ಓದಿದ್ದು, ಕೂಸನ್ನು ಒರೆಸಿ ಬೆಚ್ಚಗೆ ಸುತ್ತಿದ್ದು, ಅದರ ನಡುವೆಯೇ ಹಾಳೆಯಲ್ಲಿ ಅಂಕಿ ಬರೆದದ್ದು ಅವರು. ಅವರಲ್ಲಿ ಒಬ್ಬರು ಬೇಸರಕ್ಕೆ ಬಿದ್ದು ಅಂದಾಜಿನ ಮೇಲೆ ಬರೆದಿದ್ದರೂ ಮೂರು ವರ್ಷದ ಕೆಲಸಕ್ಕೆ ಕಳಂಕ ತಗಲುತ್ತಿತ್ತು. ಸಂಶೋಧನೆ ಎಂದರೆ ಕಾಲೇಜಿನಲ್ಲಿ ನಡೆಯುವುದು, ಹಳ್ಳಿ ಎಂದರೆ ಅದರ ಫಲ ಉಣ್ಣುವುದು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಜಗತ್ತಿನ ಶಾಸ್ತ್ರಕ್ಕೆ ಬೇಕಾಗಿದ್ದ ಜ್ಞಾನವೇ ಹಳ್ಳಿಯ ಉಪಕೇಂದ್ರದಲ್ಲಿ, ಆರೋಗ್ಯ ಸಹಾಯಕಿಯ ಕೈಯಲ್ಲಿ ಹುಟ್ಟಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯಲೆಂದು ಮಿಸೋಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬಿಸಿಲಿಗೂ ಕೆಡದ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದಿನ ಪ್ರಯೋಗ ಭಾರತವೂ ಸೇರಿ ಹತ್ತು ದೇಶಗಳ 29 ಸಾವಿರಕ್ಕೂ ಹೆಚ್ಚು ತಾಯಂದಿರಲ್ಲಿ ನಡೆದು 2018ರಲ್ಲಿ ಪ್ರಕಟವಾಯಿತು. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಮಿಕ್ಕ ಹೆರಿಗೆಗಳಲ್ಲಿ ನಡೆದ ‘ಇ-ಮೋಟಿವ್’ ಎಂಬ ಅಧ್ಯಯನ ಹೊರಬಂತು. ಗೆರೆ ಹಾಕಿದ ಚೀಲದಿಂದ ಬೇಗ ಗುರುತಿಸಿ, ಚಿಕಿತ್ಸೆಯನ್ನೆಲ್ಲ ಒಟ್ಟಿಗೇ ಕೊಟ್ಟಾಗ ಭಾರೀ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಅಥವಾ ಸಾವು ಶೇಕಡಾ 4.3ರಿಂದ 1.6ಕ್ಕೆ ಇಳಿಯಿತು. ಗೆರೆ ಹಾಕಿದ ಚೀಲದ ಆ ವಿಚಾರ ಬೆಳಗಾವಿಯ ತಂಡ ಅಷ್ಟು ವರ್ಷ ಮೊದಲೇ ಹಳ್ಳಿಗಳಲ್ಲಿ ಬಳಸಿ ತೋರಿಸಿದ್ದು.

ಇನ್ನೊಂದು ಸಂಗತಿಯನ್ನು ಹೇಳದೇ ಮುಗಿಸಲಾರೆ. ಅದು ಖಾನಾಪುರದ ಕಾಡಿಗೆ ಹತ್ತಿರದ್ದು, ಅಷ್ಟು ಸುಖದ್ದಲ್ಲ. ಮಂಗನ ಕಾಯಿಲೆಯ ಮಾತು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಕಾಡಂಚಿನ ಊರವರಿಗೆ ತೀವ್ರ ಜ್ವರ ಬಂತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದರು. ವೈದ್ಯರು ರೋಗಿಗಳ ರಕ್ತ ನೋಡಿದರು, ಪ್ರಾಣಿತಜ್ಞರು ಸತ್ತ ಮಂಗಗಳನ್ನು ಕೊಯ್ದು ನೋಡಿದರು, ಕೀಟತಜ್ಞರು ಒಣಗಿದ ಎಲೆಯ ನಡುವೆ ಉಣ್ಣಿ ಹೆಕ್ಕಿದರು. ಸೈಬೀರಿಯದ ಒಂದು ರೋಗದ ವೈರಾಣುವಿಗೂ ಇದಕ್ಕೂ ನಂಟು ಕಂಡದ್ದರಿಂದ ವಲಸೆ ಹಕ್ಕಿಗಳೇನಾದರೂ ಉಣ್ಣಿ ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸುವ ಕೆಲಸಕ್ಕೆ ಪಕ್ಷಿತಜ್ಞ ಸಲೀಂ ಅಲಿ ಕೂಡ ಕೈಹಾಕಿದರು. ಕಾಯಿಲೆ ಹರಡುವುದು ಉಣ್ಣಿಯಿಂದ ಎಂಬ ಗುಟ್ಟು ಬಯಲಾದದ್ದು ಹೀಗೆ ನಾಲ್ಕಾರು ಕಡೆಯಿಂದ ಬಂದವರು ಒಂದೇ ಕಾಡಿನಲ್ಲಿ ಅಲೆದದ್ದರಿಂದ.

ಅಷ್ಟೆಲ್ಲ ತಿಳಿದಿದ್ದರೂ ಮುಂದೆ ಏನಾಯಿತು ನೋಡಿ. ಬೆಳಗಾವಿ ಜಿಲ್ಲೆಯಿಂದ ಬಡಮಂದಿ ಗೇರು ಸುಗ್ಗಿಗೆ ಗೋವಾಕ್ಕೆ ಕೂಲಿ ಹೋಗುತ್ತಾರೆ. ಖಾನಾಪುರ ತಾಲ್ಲೂಕಿನ ಗಡಿಗೆ ಅಂಟಿಕೊಂಡೇ ಇದೆ ಗೋವಾದ ಸತ್ತರಿ. ಗೇರು ಹಣ್ಣು ಉದುರುವುದು ಬೇಸಿಗೆಯಲ್ಲಿ. ಬರಿಗಾಲಲ್ಲಿ ಒಣಗಿದ ಎಲೆ ತುಳಿಯುತ್ತ, ಬಗ್ಗಿ ಬೀಜ ಆರಿಸಬೇಕು. ಮರಿ ಉಣ್ಣಿಗಳು ಅದೇ ಎಲೆಯಡಿಯಲ್ಲಿ ಅದೇ ತಿಂಗಳುಗಳಲ್ಲಿ ಹೆಚ್ಚಾಗಿರುತ್ತವೆ. 2015ರ ಹೊತ್ತಿಗೆ ಸತ್ತರಿಯಲ್ಲಿ ಕಾಯಿಲೆ ಕಾಣಿಸಿತ್ತು. 2016ರಲ್ಲಿ ನಮ್ಮ ಜಿಲ್ಲೆಯಿಂದ ಹೋದ ಕೂಲಿಕಾರರು ಜ್ವರ ಹೊತ್ತು ಊರಿಗೆ ಮರಳಿದರು. ಅವರ ಜ್ವರಕ್ಕೂ ಗೋವಾದ ತೋಟಕ್ಕೂ ಇದ್ದ ಕೊಂಡಿಯನ್ನು ಪುಣೆಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಹುಡುಕಿ ದಾಖಲಿಸಿದ್ದಾರೆ.

ರೋಗಿ ಮಲಗಿದ್ದು ಒಂದು ರಾಜ್ಯದಲ್ಲಿ, ಉಣ್ಣಿ ಕಚ್ಚಿದ್ದು ಇನ್ನೊಂದು ರಾಜ್ಯದಲ್ಲಿ. ಮಂಗ ಸತ್ತರೆ ತಿಳಿಯುವುದು ಅರಣ್ಯ ಇಲಾಖೆಗೆ, ದನಕ್ಕೆ ಉಣ್ಣಿ ಹತ್ತಿದ್ದು ತಿಳಿಯುವುದು ಪಶುವೈದ್ಯರಿಗೆ, ಕೂಲಿಗೆ ಯಾರು ಯಾವ ತೋಟಕ್ಕೆ ಹೋದರೆಂಬುದು ಗೊತ್ತಿರುವುದು ಮೇಸ್ತ್ರಿಗೆ. ಜ್ವರದ ಬಗ್ಗೆ ಕೇಳುವ ವೈದ್ಯರು “ಸುಗ್ಗಿಗೆ ಎಲ್ಲಿ ಹೋಗಿದ್ದೆವ್ವಾ?” ಎಂದು ಕೇಳದಿದ್ದರೆ ಟೈಫಾಯಿಡ್ ಎಂದೋ ಡೆಂಗಿ ಎಂದೋ ಚಿಕಿತ್ಸೆ ನಡೆದುಹೋಗಬಹುದು. ಹೆರಿಗೆಯ ವಿಷಯದಲ್ಲಿ ಎಲ್ಲರನ್ನೂ ಕೂಡಿಸುವ ಒಂದು ಚೀಲ ಸಿಕ್ಕಿತು. ಇಲ್ಲಿಗೂ ಅಂಥದೊಂದು ಬೇಕು. ಕಾಡಿನ ಗಾರ್ಡ್, ಪಶುವೈದ್ಯರು, ಆಶಾ ಕಾರ್ಯಕರ್ತೆ, ಗೋವಾದ ಆರೋಗ್ಯ ಕೇಂದ್ರದವರು ಎಲ್ಲರೂ ಬರೆಯುವ, ಎಲ್ಲರೂ ಓದುವ ಒಂದೇ ದಾಖಲೆ ಪುಸ್ತಕ ಸುಗ್ಗಿಯ ಮೂರು ತಿಂಗಳ ಮಟ್ಟಿಗಾದರೂ ಇರಬೇಕೆಂದು ನನ್ನ ಆಸೆ.

ಖಾನಾಪುರದ ಕಾಡಿನೊಳಗಿನ ಊರುಗಳ ಹೆರಿಗೆಗೂ ಇನ್ನೊಂದು ಸುತ್ತು ಎಲ್ಲರೂ ಕೂಡಬೇಕಾಗಿದೆ. ಮಾತ್ರೆ ಸಿಕ್ಕಿತು, ಚೀಲ ಸಿಕ್ಕಿತು, ದಾರಿ ಮಾತ್ರ ಹಾಗೆಯೇ ಇದೆ. ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಕಂಡುಬಂದಿರುವ ರಾಟನ್ ಬಾವಲಿ ವಾಸವಾಗಿದೆ. ಆ ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರೊಳಗಿನ ಊರುಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಬಿದಿರಿನ ಡೋಲಿಯಲ್ಲಿ ಹೊತ್ತು ತರುವುದೂ ನಿಲ್ಲಬೇಕು. ಡಾಂಬರು ರಸ್ತೆ ಬೇಕೇ ಬೇಡವೇ ಎಂಬ ಜಗಳದಲ್ಲಿಯೇ ವರ್ಷಗಳು ಕಳೆಯುತ್ತವೆ. ಹಳ್ಳಕ್ಕೆ ಒಂದು ಕಾಲುಸೇತುವೆ ಸಾಕಾಗುತ್ತದೆಯೇ ಎಂದು ಎಂಜಿನಿಯರ್ ಹೇಳಲಿ. ಅದನ್ನು ಎಲ್ಲಿ ಕಟ್ಟಿದರೆ ಕಾಡಿಗೆ ಪೆಟ್ಟು ಕಡಿಮೆ ಎಂದು ಅರಣ್ಯಾಧಿಕಾರಿ ಹೇಳಲಿ. ದಿನ ತುಂಬಿದ ಬಸುರಿಯರು ಮಳೆಯ ತಿಂಗಳಲ್ಲಿ ಹದಿನೈದು ದಿನ ಮೊದಲೇ ಬಂದು, ತಾಯಿಯನ್ನೋ ಅತ್ತೆಯನ್ನೋ ಜೊತೆಗಿಟ್ಟುಕೊಂಡು ಖಾನಾಪುರದ ಆಸ್ಪತ್ರೆಯ ಪಕ್ಕದಲ್ಲಿ ಉಳಿಯಲು ಒಂದು ಮನೆ ಬೇಕೆಂದು ಪ್ರಸೂತಿ ತಜ್ಞರು ಕೇಳಲಿ. ಮನೆಯಲ್ಲಿ ಬಿಟ್ಟುಬಂದ ದೊಡ್ಡ ಕೂಸನ್ನೂ ಎಮ್ಮೆಯನ್ನೂ ಆ ಹದಿನೈದು ದಿನ ಯಾರು ನೋಡಿಕೊಳ್ಳಬೇಕು ಎಂದು ಊರಿನ ಹೆಣ್ಣುಮಕ್ಕಳು ಕೇಳುತ್ತಾರೆ. ಆ ಪ್ರಶ್ನೆಯನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಅದಕ್ಕೂ ಹಣ ತೆಗೆದಿಡಬೇಕು.